ಹಾಡಿನ ನಡುವಿನ ಖಾಲಿ ಜಾಗ

ಓದೋ ಎಲ್ಲಾ ಅಣ್ಣಾರಿಗೆ, ಅಕ್ಕಾರಿಗೆ, ಹಿರ್ಯಾರಿಗೆ ಶರಣ್ರಿ, ಸಲಾಂರಿ. ಮೊದಲ ಒಂದು ಮಾತು ಹೇಳಿ ಬಿಡ್ತೀನಿ. ನಾ ಅಕ್ಷರ ಕಲ್ತದ್ದು ಮೀಸಿ ಬಂದ ಮ್ಯಾಲೆ. ಫೋನಿನ್ಯಾಗ ಒಂದ ಬಟ್ಟಿನಿಂದ ಹುಡುಕಿ ಹುಡುಕಿ ಒತ್ತತೀನಿ. ಒತ್ತಕ್ಷರ ಬಂತಂದ್ರ ಈಗೂ ಉಸುರು ಹಿಡಿತೀನಿ. ತಪ್ಪು ಕಂಡ್ರ ಮನಸಿಗೆ ಹಚ್ಕೋಬ್ಯಾಡ್ರಿ, ದಾಟಿ ಮುಂದ ಓದ್ರಿ. ಮಾತು ತಿಳಿದ್ರ ಅಷ್ಟ ಸಾಕು.

ಸಿಂಧನೂರಿನ ಒಂದು ರೈಸ್ ಮಿಲ್ಲಿನ್ಯಾಗ ನಾ ಡ್ರೈಯರ್ ನೋಡ್ಕೊತೀನಿ. ಬೇಯಿಸಿದ ಭತ್ತ ಒಣಗಿಸೋ ಮಷಿನ್ನು. ಅದರ ಜೊತಿಗೆ ಹೊಸದಾಗಿ ಬಂದ ಕನ್ನಡ ರ‍್ಯಾಪ್ ಹಾಡು ಕೇಳಿ, ಹ್ಯಾಂಗ ಐತಿ ಅಂತ ಒಂದು ವೆಬ್ ಪೇಜಿಗೆ ಬರೀತೀನಿ. ಆ ಪೇಜ್ ನಡೆಸೋ ಮೇಡಂ ಬೆಂಗಳೂರಾಗ ಇರ್ತಾರ. ಶುಕ್ರವಾರ ಲಿಂಕ್ ಕಳಿಸ್ತಾರ, ಸೋಮವಾರದೊಳಗ ನಾ ಬರದು ಕಳಿಸ್ಬೇಕು. ಹಾಡಿನ ಬಗ್ಗೆ ಬರಿಯೋರು ಅವರಿಗೆ ರಗಡು ಮಂದಿ ಅದಾರ. ಆದ್ರ ನಮ್ಮ ಕಡಿ ಮಾತಿನ ಹಾಡು ಬಂದ್ರ ನನಗ ಕಳಿಸ್ತಾರ.

ಕೇಳೋದಕ್ಕ ನಂದೊಂದು ಪದ್ಧತಿ ಐತಿ. ಮೊದಲ್ನೇ ಸಲ ಡ್ರೈಯರ್ ಮುಂದ ನಿಂತು ಕೇಳ್ತೀನಿ. ಆ ಸಪ್ಪಳ ದಾಟಿ ಯಾವ ಮಾತು ಕಿವಿಗೆ ಬೀಳತಾವೋ ಅವು ಗಟ್ಟಿ ಮಾತು, ಉಳಿದವು ಹೊಟ್ಟು. ಎರಡನೇ ಸಲ ಕಾಲುವಿ ದಂಡಿಗೆ ಕುಂತು, ಬಟ್ಟಿನ ಗೆಣ್ಣು ಎಣಿಸ್ಕೊಂತ, ಮಾತು ಬೀಟಿನ ಮ್ಯಾಲೆ ಸರಿಯಾಗಿ ಬೀಳತಾವೋ ಜಾರತಾವೋ ನೋಡ್ತೀನಿ. ಮೂರನೇ ಸಲ ಬಸ್ಸಿನ ಕಿಟಕಿಗೆ ತಲಿ ಕೊಟ್ಟು ಕಣ್ಣು ಮುಚ್ಚಿ ಕೇಳ್ತೀನಿ. ಬಸ್ಸಿನ್ಯಾಗ ಹಾಡು ಕೇಳಿ ನಿದ್ದಿ ಬಂದ್ರ ಹಾಡು ಸುಮಾರು. ಇಳಿಯೋ ಸ್ಟಾಪು ತಪ್ಪಿದ್ರ ಹಾಡು ಛಲೋ. ಇದನ್ನ ಹೇಳಿದ್ರ ಮೇಡಂ ನಗತಾರ.

ಇನ್ನೊಂದು ಹೇಳ್ಬೇಕು. ಮಿಲ್ಲಿನ್ಯಾಗ ಜೋತಾಡೋ ವೈರ್ ಅಂದ್ರ ಜೀವಕ್ಕ ಕುತ್ತು. ಬೆಲ್ಟಿಗೆ ಸಿಕ್ಕಿದ್ರ ಮನಷ್ಯಾನ್ನೂ ಎಳಕೊಂಡು ಹೋಗತೈತಿ. ಮತ್ತ ಭತ್ತ ಮ್ಯಾಲೆ ಹೊರೋ ಎಲಿವೇಟರ್ ನನ್ನ ಬಲಕ್ಕ ಇರತೈತಿ. ಅದರ ಡಬ್ಬಿ ಎಲ್ಲೆರ ತಗಲಿದ್ರ ಕಟ್ ಕಟ್ ಅಂತೈತಿ. ಆ ಸಪ್ಪಳ ಕೇಳ್ಲಿಕ್ಕೆ ಬಲಗಿವಿ ತೆರದಿರಬೇಕು. ಅದಕ್ಕ ಇಯರ್‌ಫೋನ್ ತಂದ ದಿನಾನ ಬಲಗಡಿ ವೈರ್ ಕತ್ತರಿಸಿ ಟೇಪ್ ಸುತ್ತಿ ಬಿಟ್ಟಿದ್ನಿ. ಫೋನಿನ ಸ್ಪೀಕರ್ ಯಾವತ್ತೋ ಧೂಳು ಕುಡದು ಸತ್ತಿತ್ತು. ಹಿಂಗಾಗಿ ಮಿಲ್ಲಾಗ್ಲಿ, ಕಾಲುವಿ ದಂಡಿ ಆಗ್ಲಿ, ಬಸ್ ಆಗ್ಲಿ, ನಾ ಹಾಡು ಕೇಳೋದು ಎಡಗಿವಿಯಿಂದ. ಅದು ನನಗ ಎಷ್ಟು ರೂಢಿ ಆಗಿತ್ತಂದ್ರ, ಮಂದಿ ಎರಡೂ ಕಿವಿಗೆ ಹಾಕ್ಕೊಳ್ಳೋದು ಯಾಕ ಅಂತ ಅನಿಸ್ತಿತ್ತು.

ಆ ಶುಕ್ರವಾರ ಬಂದ ಲಿಂಕ್ ಮಸ್ಕಿದು. ಹಾಡಿದವ ಮಸ್ಕಿಯವ, ಇದು ಅವನ ಮೊದಲ್ನೇ ಹಾಡು ಅಂತ ಮೇಡಂ ಬರದಿದ್ರು. ನಾ ದಿನಾ ಕೇಳೋ ಊರಿನ ಹೆಸರು ಆ ಫೋನಿನ ಬೆಳಕಿನ್ಯಾಗ ಕಂಡು ಎರಡೆರಡು ಸಲ ಓದಿದ್ನಿ. ಅಂಗಿ ಕಿಸೆದಾಗ ಫೋನ್ ಇಟ್ಟು ಡ್ರೈಯರ್ ಮುಂದ ನಿಂತ್ನಿ. ಮಧ್ಯಾಹ್ನದ ಪಾಳಿ. ಬೇಯಿಸಿದ ಭತ್ತದ ಹಬಿ ಶೆಡ್ಡಿನ ತುಂಬ ಬೆಳ್ಳಗ ನಿಂತಿತ್ತು, ತಗಡಿನ ತೂತಿನಿಂದ ಬಿಸಲು ಕೋಲು ಕೋಲಾಗಿ ಅದರೊಳಗ ಇಳದಿತ್ತು.

ಬೀಟ್ ಬಂತು. ಕಬ್ಬಿಣಕ್ಕ ಸುತ್ತಿಗಿ ಬಡದಂಗ ಒಂದು ಸಪ್ಪಳ, ಅದರ ಹಿಂದ ಹೆಜ್ಜಿ ಹಾಕಿದಂಗ ಇನ್ನೊಂದು. ಆಮ್ಯಾಲೆ ಅವನ ದನಿ:

ಮಸ್ಕಿ ಗುಡ್ಡದ ಕಲ್ಲಿನ ಮ್ಯಾಲೆ ಯಾರ ಹೆಸರ ಕೊರದೀರಿ?

ಅಷ್ಟು ಕೇಳಿ ಸುಮ್ಮನ ಆದ. ಬೀಟ್ ಮಾತ್ರ ನಡದಿತ್ತು. ಈಗ ಬರ್ತಾನ, ಈಗ ಬರ್ತಾನ ಅಂತ ನಾ ಕಾಯಾಕತ್ತೀನಿ, ಬರವಲ್ಲ. ಹಾಡಿದಷ್ಟ ಹೊತ್ತು ಸುಮ್ಮನ ಇದ್ದು ಮತ್ತೊಂದು ಸವಾಲ್ ಹಾಕಿದ. ಮತ್ತ ಸುಮ್ಮನ ಆದ. ಆ ಖಾಲಿ ಜಾಗದಾಗ ಎಲ್ಲೋ ದೂರ ಯಾರೋ ಉಸುರು ಬಿಟ್ಟಂಗ ಒಂದು ಗಾಳಿ. ಕಾಲುವಿಗೆ ನೀರು ನಿಂತ ದಿನ ದಂಡಿಗೆ ಕುಂತ್ರ ಹಂಗ ಒಂದು ಗಾಳಿ ಬರತೈತಿ, ನೀರಿಲ್ಲದ ನೀರಿನ ಸಪ್ಪಳ. ನನಗ ಅದ ನೆನಪಾತು. ಹಬಿಯೊಳಗ ನಾ ನಿಂತೀನೋ ತೇಲಾಕತ್ತೀನೋ ತಿಳಿಲಿಲ್ಲ.

ಎರಡನೇ ಸಲ ಕಾಲುವಿ ದಂಡಿಗೆ ಕುಂತು ಗೆಣ್ಣು ಎಣಿಸಿದ್ನಿ. ಬೀಟಿನ ಒಂದು ಸುತ್ತಿಗೆ ಬಾರ್ ಅಂತಾರ. ನಾಕು ಬಾರ್ ಹಾಡು, ನಾಕು ಬಾರ್ ಖಾಲಿ, ಹಾಡು ಮುಗಿಯೋ ತನಕ ಒಂದ ಲೆಕ್ಕ. ಮೂರನೇ ಸಲ ಬಸ್ಸಿನ್ಯಾಗ ಕೇಳಿದ್ನಿ. ಸ್ಟಾಪು ತಪ್ಪಿತು.

ಎರಡು ದಿನ ಒತ್ತಿ ಒತ್ತಿ ಬರದ್ನಿ. ಅದರೊಳಗಿನ ಮಾತು ಇದು: "ಈ ಹಾಡುಗಾರ ಸವಾಲ್ ಹಾಕತಾನ, ಜವಾಬ್ ಕೊಡಂಗಿಲ್ಲ. ಜವಾಬಿನ ಜಾಗ ಖಾಲಿ ಬಿಟ್ಟಾನ. ಎಲ್ಲಾರೂ ಮಾತು ತುಂಬೋ ಕಾಲದಾಗ ಇವ ಖಾಲಿ ಬಿಡೋದು ಕಲ್ತಾನ. ಆ ಖಾಲಿನ ಈ ಹಾಡಿನ ಜೀವ."

ಮೇಡಂ ತಾವ ಫೋನ್ ಹಚ್ಚಿದ್ರು.

"ನೀವು ಬರೆದದ್ರಲ್ಲೆಲ್ಲ ಇದೇ ಚೆನ್ನಾಗಿದೆ ಕಣ್ರೀ. ಒಂದಕ್ಷರ ಮುಟ್ಟಿಲ್ಲ ನಾನು."

"ತಪ್ಪು ಇರ್ಬೇಕಲ್ರೀ ಮೇಡಂ?"

"ಇರಲಿ ಬಿಡಿ. ತಿದ್ದಿದ್ರೆ ಕೆಡುತ್ತೆ. ನಾನಿನ್ನೂ ಹಾಡು ಕೇಳಿಲ್ಲ, ನಿಮ್ಮ ಬರಹ ಓದೇ ಸಾಕಾಯ್ತು."

ಆ ಕಡೀ ಮಾತು ನಾ ಸಂತೋಷದಾಗ ಕೇಳಿಸ್ಕೊಂಡೆ ಇಲ್ಲ. ಬರದದ್ದನ್ನ ಮಂದಿ ಒಬ್ಬರಿಗೊಬ್ಬರು ಕಳಿಸಿದ್ರು, ಎಲ್ಲೆಲ್ಲಿಯವರೋ "ಖಾಲಿಯೇ ಜೀವ" ಅಂತ ನನ್ನ ಮಾತು ಎತ್ತಿ ಹಾಕ್ಕೊಂಡ್ರು. ಒಬ್ಬವ ಮಾತ್ರ ಕೆಳಗ ಬರದಿದ್ದ, "ಯಾವ ಖಾಲಿ ಸಾರ್? ಹಾಡು ಕೇಳೀರೋ ಇಲ್ಲೋ?" ಅಂತ. ಹೊಟ್ಟಿಕಿಚ್ಚು ಅಂದ್ಕೊಂಡ್ನಿ. ಆ ವಾರ ಮಿಲ್ಲಿನ್ಯಾಗ ನನ್ನ ಕಾಲು ನೆಲಕ್ಕ ಹತ್ತಿದ್ದಿಲ್ಲ.

ಮುಂದಿನ ಮಂಗಳವಾರ ಲಿಂಗಸುಗೂರಿನ್ಯಾಗ ನಮ್ಮ ದೊಡ್ಡವ್ವನ ಮಗಳ ಮನ್ಯಾಗ ತೊಟ್ಲ ಕಾರ್ಯ ಇತ್ತು. ಸಿಂಧನೂರಿನಿಂದ ಹತ್ತಿದ ಬಸ್ ಮಸ್ಕ್ಯಾಗ ಪಂಚರ್ ಆಗಿ ನಿಂತು ಬಿಡ್ತು. ಹಿಂದಿನ ಬಸ್ ಕಾಲಿಡಾಕ ಜಾಗ ಇಲ್ಲದಂಗ ಬಂತು. ಅಲ್ಲೆ ನಿಂತಿದ್ದ ಟಂಟಂ ಆಟೋ ಡ್ರೈವರ್ "ಸಂತೆಕಲ್ಲೂರು, ಸಂತೆಕಲ್ಲೂರು" ಅಂತ ಒದರಾಕತ್ತಿದ್ದ. ಅಲ್ಲಿ ತನಕ ಹೋಗಿ ಬ್ಯಾರೆ ಗಾಡಿ ಹಿಡದ್ರಾತು ಅಂತ ಹತ್ತಿದ್ನಿ. ನನಗ ಸಿಕ್ಕದ್ದು ಹಿಂದಿನ ಸೀಟು, ಬಲಗಡಿ ಮೂಲಿ. ತಲಿ ಹಿಂದ ಒಂದು ದೊಡ್ಡ ಸ್ಪೀಕರ್ ಡಬ್ಬಿ, ಎಡಗಡಿ ಮೂಲ್ಯಾಗ ಅದರ ಜೋಡಿ ಇನ್ನೊಂದು. ಎದುರಿಗೆ ಒಬ್ಬ ಅಜ್ಜಿ ಜ್ವಾಳದ ಚೀಲ ತೊಡಿ ಮ್ಯಾಲೆ ಇಟ್ಕೊಂಡು ಕುಂತಿದ್ಳು.

ಗಾಡಿ ಊರು ದಾಟಿ ಹೊಲದ ನಡುವ ಬಂದಾಗ ಡ್ರೈವರ್ ಹಾಡು ಹಚ್ಚಿದ. ಕಬ್ಬಿಣಕ್ಕ ಸುತ್ತಿಗಿ ಬಡದಂಗ ಸಪ್ಪಳ. ನಂದ ಹಾಡು! ಅಂದ್ರ ನಾ ಹೊಗಳಿ ಬರದ ಹಾಡು. ಹಿಗ್ಗಿಲೆ ಕಣ್ಣು ಮುಚ್ಚಿದ್ನಿ. ಎಡಗಡಿಯಿಂದ ದೂರ ಅವನ ದನಿ ಬಂತು, ಯಾರ ಹೆಸರ ಕೊರದೀರಿ ಅಂತ. ಈಗ ಖಾಲಿ ಬರತೈತಿ ಅಂತ ಕಾದ್ನಿ.

ಖಾಲಿ ಬರ್ಲಿಲ್ಲ. ನನ್ನ ಬಲಗಿವಿ ಹಿಂದ ಒಬ್ಬ ಹೆಣ್ಮಗಳು ಹಾಡಿದ್ಳು:

ಹೆಸರ ಕೊರದ ಕೈ ಯಾವ್ದಂತ ಯಾವ ಕಲ್ಲಿಗೆ ಬರದೀರಿ?

ಕಣ್ಣು ತೆರದ್ನಿ. ಅಜ್ಜಿ ಹಾಡ್ತಾಳೇನು ಅಂತ ನೋಡಿದ್ರ ಆಕಿ ಬಾಯಿ ತೆರದು ನಿದ್ದಿ ಹೊಡ್ಯಾಕತ್ತಿದ್ಳು. ಹೊರಗ ನೋಡಿದ್ನಿ. ಬಿಸಲಿನ್ಯಾಗ ತೊಗರಿ ಹೊಲ ಅಲ್ಲಾಡಾಕತ್ತಿತ್ತು, ಮನಷ್ಯಾರು ಯಾರೂ ಇಲ್ಲ. ಎಡಗಡಿಯವ ಮತ್ತ ಸವಾಲ್ ಹಾಕಿದ. ಬಲಗಡಿಯಾಕಿ ಮತ್ತ ಜವಾಬ್ ಕೊಟ್ಟಳು. ಕನಸಿನ್ಯಾಗ ನಮ್ಮ ಮನಿಯೊಳಗ ನಾವು ನೋಡಿರದ ಖೋಲಿ ಒಂದು ಕಾಣತೈತಲ್ಲ, ಬಾಗಲಾ ತೆರದ್ರ ದೀಪ ಹಚ್ಚಿ ಯಾರೋ ಕುಂತಿರ್ತಾರ, ಹಂಗಾತು ನನಗ. ಇಡೀ ವಾರ ನಾ ಖಾಲಿ ಅಂದ ಜಾಗದಾಗ ಒಬ್ಬಾಕಿ ಇದ್ಳು.

ಮುಂದ ಬಾಗಿ ಕೇಳಿದ್ನಿ. "ಅಣ್ಣಾ, ಈ ಹೆಣ್ಮಗಳು ಯಾರು?"

"ನಮ್ಮೂರವ್ರ ರೀ. ಅಕ್ಕ ತಮ್ಮ. ತಮ್ಮಂದು ಇಲ್ಲೆ ಮಸ್ಕ್ಯಾಗ ವೆಲ್ಡಿಂಗ್ ಅಂಗಡಿ, ಅಕ್ಕನ್ನ ಲಿಂಗಸುಗೂರಿಗೆ ಕೊಟ್ಟಾರ." ಡ್ರೈವರ್ ಕನ್ನಡಿಯೊಳಗ ನನ್ನ ನೋಡಿ ನಕ್ಕ. "ಯಾವನೋ ಒಬ್ಬ ಪೇಜಿನ್ಯಾಗ ಬರದಾನಂತ, ಇದ್ರಾಗ ನಡುವ ಖಾಲಿ ಐತಿ, ಭಾರಿ ಐತಿ ಅಂತ. ಪೂರಾ ಕಿವುಡ ಇರಬೇಕ ಮಗ!"

ಕಿಸೆದಾಗಿಂದ ಇಯರ್‌ಫೋನ್ ತಗದು ನೋಡಿದ್ನಿ. ಎಡಕ್ಕ ಒಂದು ಗುಂಡಿ. ಬಲಕ್ಕ ಕರೀ ಟೇಪ್ ಸುತ್ತಿದ ಮೊಂಡು ವೈರ್. ಬ್ಯಾರೆ ಹಾಡುಗಳೊಳಗ ಹಾಡಿದವನ ದನಿ ಎರಡೂ ಕಿವಿಗೆ ಸಮ ಬರತೈತಿ, ಅದಕ್ಕ ನನಗ ಇಷ್ಟು ದಿನ ಏನೂ ಕಡಿಮಿ ಅನಿಸಿದ್ದಿಲ್ಲ. ಈ ಹಾಡಿನ್ಯಾಗ ಅವನ್ನ ಎಡಕ್ಕ, ಆಕಿನ್ನ ಬಲಕ್ಕ ಇಟ್ಟಿದ್ರು. ನಾ ಕೇಳಿದ ಆ ಗಾಳಿ ಕಾಲುವಿ ಗಾಳಿ ಅಲ್ಲ, ಆಕಿ ದನಿಯ ಮಾರ್ದನಿ ಎಡಗಡಿಗೆ ಒಂಚೂರು ಸೋರಿದ್ದು.

ಸಂತೆಕಲ್ಲೂರಿನ್ಯಾಗ ಎಲ್ಲಾರೂ ಇಳದ್ರು. ನಾ ಇಳೀಲಿಲ್ಲ.

"ಯಾಕ್ರೀ ಅಣ್ಣಾರ, ನಿದ್ದಿ ಬಂತೇನು?"

"ಆ ಕಿವುಡ ಮಗ ನಾನ" ಅಂದ್ನಿ. "ವೆಲ್ಡಿಂಗ್ ಅಂಗಡಿಗೆ ಬಿಡು."

ಡ್ರೈವರ್ ಗಕ್ಕನ ತಿರುಗಿ ನೋಡಿದ. ಕಿವಿ ಹಿಡ್ಕೊಂಡು "ತಪ್ಪಾತ್ರೀ" ಅಂದ. ಆಮ್ಯಾಲೆ ನಗು ತಡಿಲಾರದ ಸ್ಟೇರಿಂಗ್ ಮ್ಯಾಲೆ ಹಣಿ ಇಟ್ಟ. ತೊಟ್ಲಕ್ಕ ತಂದಿದ್ದ ಕುಬಸದ ಚೀಲ ತೊಡಿ ಮ್ಯಾಲಿಟ್ಕೊಂಡು ಅದ ಗಾಡ್ಯಾಗ ವಾಪಸ್ ಮಸ್ಕಿಗೆ ಬಂದ್ನಿ.

ವೆಲ್ಡಿಂಗ್ ಅಂಗಡ್ಯಾಗ ಟ್ರಾಲಿಗೆ ಪಟ್ಟಿ ಬೆಸೆಯಾಕತ್ತಿದ್ದ ಹುಡುಗ. ಇಪ್ಪತ್ತೈದರ ಆಸುಪಾಸು ಇರಬೇಕು. ನಾ ಯಾರಂತ ಹೇಳಿದ ಕೂಡ್ಲೆ ಕಣ್ಣಿನ ಕರೀ ಕನ್ನಡಕ ತಗದು ಟ್ರಾಲಿ ಮ್ಯಾಲಿಟ್ಟ.

"ನೀವೇನ್ರೀ ಅವ್ರು? ನಿಮ್ಮಿಂದ ನನ್ನ ಹಾಡು ಬೆಂಗಳೂರು ತನಕ ಹೋತು. ಶುಕ್ರಿಯಾ ಅನ್ಬೇಕು ನಾ." ದನಿಯೊಳಗ ಶುಕ್ರಿಯಾ ಇರ್ಲಿಲ್ಲ. "ನಮ್ಮ ಆಪಾಗ ಮಾತ್ರ ಏನ್ ಹೇಳ್ಬೇಕೋ ತಿಳಿವಲ್ದು." ಅಕ್ಕಗ ಅವರು ಆಪಾ ಅಂತಾರ.

"ಏನಾತಪ್ಪ?"

"ಆಕಿ ಹಾಡಿದ ಜಾಗಕ್ಕ ಖಾಲಿ ಅಂತ ಬರದೀರಿ. ಆಕಿ ಅತ್ತಿ ಮೊದಲ ಒಲ್ಲೆ ಅಂತಿದ್ಳು, ಹೆಣ್ಮಗಳು ರೆಕಾರ್ಡಿಂಗ್ ಅಂತ ಸಿಂಧನೂರಿಗೆ ಹೋಗೋದು ಏನು ಅಂತ. ಭಾವ ಹ್ಯಾಂಗೋ ಒಪ್ಪಿಸಿದ್ದ. ನೀವು ಬರದದ್ದನ್ನ ಅದ ಭಾವ ಮನ್ಯಾಗ ಗಟ್ಟಿ ಓದಿ ಹೇಳ್ಯಾನ, ಹೊಗಳ್ಯಾರ ಅಂತ ಖುಷಿಲೆ. ಓದಿದ ಮ್ಯಾಲೆ ಆಕಿ ಅತ್ತಿ ಕೇಳ್ಯಾಳ, ಇದ್ರಾಗ ನಮ್ಮ ಸೊಸಿ ಎಲ್ಲಿ ಅಂತ."



ಅವ ಸುತ್ತಿಗಿ ಎತ್ತಿ ಇಟ್ಟ. "ನಮ್ಮಪ್ಪ ಮೊಹರಮ್ಮಿನ್ಯಾಗ ರಿವಾಯತ್ ಪದ ಹಾಡ್ತಿದ್ದ. ಎರಡು ಸಾಲು ಎದುರಾಎದುರು ನಿಂದರ್ತಾವ ನೋಡ್ರಿ, ಒಂದು ಸಾಲು ಸವಾಲ್ ಹಾಕೋದು, ಇನ್ನೊಂದು ಸಾಲು ಜವಾಬ್ ಕೊಡೋದು. ಅಪ್ಪ ಮನ್ಯಾಗ ರೂಢಿ ಮಾಡುವಾಗ ಎದುರು ಸಾಲು ಯಾರಿಲ್ಲ. ಆಪಾ ಹೊಸ್ತಿಲ ಮ್ಯಾಲೆ ಕುಂತು ಜವಾಬ್ ಕೊಡ್ತಿದ್ಳು. ಮೊಹರಮ್ಮಿನ ಅಲಾಯಿ ಬೆಂಕಿ ಕುಣಿ ಕಡಿಗೆ ಹೆಣ್ಮಕ್ಕಳು ಹಾಡಾಕ ಹೋಗಂಗಿಲ್ಲ, ಆಕಿ ಜವಾಬು ಹೊಸ್ತಿಲ ದಾಟಿದ್ದಿಲ್ಲ. ಅದಕ್ಕ ಈ ಹಾಡು ಮಾಡಿದ್ನಿ. ನಾ ಒಂದು ಸಾಲು, ಆಕಿ ಎದುರು ಸಾಲು. ನಡುವ ಕೇಳೋರು ನಿಂದರ್ಬೇಕಂತ ಒಬ್ಬರನ್ನ ಎಡಕ್ಕ, ಒಬ್ಬರನ್ನ ಬಲಕ್ಕ ಹಾಕ್ಸಿದ್ನಿ."

"ಈಗ?"

"ಈಗ ಸ್ಟುಡಿಯೋದವ ಅಂತಾನ, ಮಂದಿಗೆ ಖಾಲಿ ಸೇರೇತಿ, ಆಪಾನ ದನಿ ತಗದು ಖರೇನ ಖಾಲಿ ಮಾಡಿ ಇನ್ನೊಮ್ಮಿ ಹಾಕೂಣು, ಇದನ್ನ ಅಳಿಸೂಣು ಅಂತ. ನಾ ಒಲ್ಲೆ ಅಂದ್ನಿ. ಆದ್ರ ಆಪಾ ಫೋನ್ ಮಾಡಿ ತಗೀ ಅಂದಾಳ. ಕೇಳಿದವ್ರಿಗೆ ನಾ ಕೇಳಿಸೇ ಇಲ್ಲಂದ್ರ ನಾ ಯಾಕಿರ್ಲಿ, ನಿನ್ನ ಹಾಡಿಗೆ ಅಡ್ಡ ನಾ ಬರಂಗಿಲ್ಲ ಅಂದಾಳ. ಈ ಶುಕ್ರವಾರ ಹಾಕಾವ್ರು."

ನಾ ಇಯರ್‌ಫೋನ್ ತಗದು ಅವನ ಕೈಯಾಗಿಟ್ಟು ಎಲ್ಲಾ ಹೇಳಿದ್ನಿ. ಡ್ರೈಯರ್, ಬೆಲ್ಟು, ಕತ್ತರಿಸಿದ್ದು. ಅವ ಮೊಂಡು ವೈರ್ ತಿರುವಿ ತಿರುವಿ ನೋಡಿದ. ನಗ್ತಾನೋ ಬೈತಾನೋ ಅಂತ ಕಾದ್ನಿ.

"ನನಗ ತೋರಿಸಿ ಏನ್ ಮಾಡ್ತೀರಿ?" ಅಂದ. "ಬರ್ರಿ, ಗಾಡಿ ಹತ್ರಿ."

ಅವನ ಬೈಕಿನ ಹಿಂದ ಕುಂತು ಲಿಂಗಸುಗೂರಿಗೆ ಹೋದ್ನಿ. ದಾರಿ ತುಂಬ ಗಾಳಿ ಎರಡೂ ಕಿವಿಗೆ ಬಡಿತಿತ್ತು. ಬಲಗಿವಿಗೆ ಗಾಳಿ ಬಡಿಯೋದು ಅವತ್ತ ಮೊದಲ ಗೊತ್ತಾದಂಗ ಆತು. ಇಷ್ಟು ದಿನ ಬರದ ಹಾಡೆಲ್ಲಾ ಒಂದೊಂದಾಗಿ ನೆನಸ್ಕೊಂಡ್ನಿ. ಅವುಗಳ ಬಲಕ್ಕ ಏನೇನಿತ್ತೋ, ಯಾರ್ಯಾರು ಹಾಡಿ ಸುಮ್ಮನಾಗಿದ್ರೋ.

ಹುಡುಗನ ಅಕ್ಕನ ಮನಿ ಪಡಸಾಲ್ಯಾಗ ಹೊಲಿಗಿ ಮಷಿನ್. ಆಕಿ ಯಾರದೋ ಜಂಪರಿಗೆ ತೋಳು ಹಚ್ಚಾಕತ್ತಿದ್ಳು. ಮಂಚದ ಮ್ಯಾಲೆ ಅತ್ತಿ ಎಲಿ ಅಡಕಿ ಹಾಕ್ಕೊಂಡು ಕುಂತಿದ್ಳು.

"ಕೌನ್ ರೇ ಇನೋ?" ಅಂತ ಅತ್ತಿ ಹುಡುಗನ್ನ ಕೇಳಿದ್ಳು, ಯಾರೋ ಇವ್ರು ಅಂತ.

"ಖಾಲಿ ಅಂತ ಬರದವ್ರು" ಅಂದ ಅವ.

ಅತ್ತಿ ಕನ್ನಡ ಮಾತಿಗೆ ತಿರುಗಿದ್ಳು. "ಓಹೋ! ಬರ್ರಿ, ಕೂಡ್ರಿ. ನಿಮ್ಮಂಥ ದೊಡ್ಡವ್ರು. ನಮ್ಮ ಸೊಸಿ ಒಂದು ತಿಂಗಳು ಅಡಗಿ ಮಾಡ್ಕೊಂತ, ಬಟ್ಟಿ ಒಗಕೊಂತ ಹಾಡಿ ಹಾಡಿ ನನ್ನ ತಲಿ ತಿಂದ್ಳು. ಅದು ನಿಮಗ ಒಂಚೂರೂ ಕೇಳಿಸ್ಲಿಲ್ಲಂದ್ರ ನಿಮ್ಮ ಪುಣ್ಯ ದೊಡ್ಡದು."

ಅಕ್ಕ ತಲಿ ಎತ್ತಲಿಲ್ಲ. ಮಷಿನ್ ನಿಲ್ಲಿಸ್ಲೂ ಇಲ್ಲ. ನಾ ನಿಂತಲ್ಲೆ ಎಲ್ಲಾ ಹೇಳಿದ್ನಿ. ಹೇಳಿ ಇಯರ್‌ಫೋನ್ ಮಷಿನ್ ಮ್ಯಾಲಿಟ್ನಿ. ಮಷಿನ್ ನಿಂತಿತು.

ಆಕಿ ಟೇಪ್ ಸುತ್ತಿದ ತುದಿ ಬಟ್ಟಿನಿಂದ ಸವರಿ ನೋಡಿದ್ಳು, ದಾರದ ಗಂಟು ನೋಡಿದಂಗ. "ಹಾಡು ಹಚ್ರಿ" ಅಂದ್ಳು. ಎಡಗಡಿ ಗುಂಡಿ ಕಿವಿಗೆ ಇಟ್ಕೊಂಡು ಕಿಟಕಿ ಕಡಿ ನೋಡ್ಕೊಂತ ಪೂರಾ ಹಾಡು ಕೇಳಿದ್ಳು. ತಮ್ಮನ ಸವಾಲ್ ಮುಗಿದಾಗೊಮ್ಮಿ ಆಕಿ ತುಟಿ ಅಲ್ಲಾಡ್ತಿತ್ತು. ದನಿ ಇಲ್ಲ. ಆ ಪಡಸಾಲ್ಯಾಗ ನಾವು ಮೂರೂ ಮಂದಿ ಆಕಿ ಕೇಳೋದನ್ನ ಕೇಳ್ಕೊಂತ ಕುಂತ್ವಿ.

"ಖರೇನ ಖಾಲಿ ಐತಿ" ಅಂದ್ಳು ಆಕಿ, ಕಿವಿಯಿಂದ ತಗದು. ಗುಂಡಿ ಮಷಿನ್ ಮ್ಯಾಲಿಟ್ಟು, "ಛಂದನೂ ಐತಿ. ನೀವು ಸುಳ್ಳು ಬರದಿಲ್ಲ ಅಣ್ಣಾರ."

"ಅರ್ಧ ಕೇಳಿ ಬರದೀನಿ ತಂಗಿ. ಮತ್ತ ಬರೀತೀನಿ. ನೀ ಎಷ್ಟು ಛಲೋ ಹಾಡೀದಿ ಅಂತ…"

"ಅದು ಬ್ಯಾಡ." ಆಕಿ ಕೈ ಅಡ್ಡ ಹಿಡದ್ಳು. "ಈಗ ಹೊಗಳಿದ್ರ ಮಂದಿ ಏನಂತಾರ? ಪಾಪ, ಬಿಟ್ಟಿದ್ರು, ಅದಕ್ಕ ಸಮಾಧಾನ ಮಾಡ್ಯಾರ ಅಂತಾರ. ನನ್ನ ತಮ್ಮನ್ನ ಹ್ಯಾಂಗ ಎಣಿಸಿ ಕೇಳಿದ್ರಿ, ನನ್ನೂ ಹಂಗ ಎಣಿಸ್ರಿ. ತಪ್ಪಿದ್ರ ತಪ್ಪು ಅಂತ ಬರೀರಿ. ಬರದ ಮ್ಯಾಲೆ ನಾ ಇರ್ಬೇಕೋ ಹೋಗ್ಬೇಕೋ ಅಂತ ನೋಡ್ತೀನಿ."

ಅತ್ತಿ ಎಲಿ ಅಡಕಿ ಒಂದು ಕಡಿ ಗದ್ದಕ್ಕ ಸರಿಸಿ, "ಚಾ ಇಡು ಬೇಟಿ, ಮನಷ್ಯಾ ತೊಟ್ಲ ಬಿಟ್ಟು ಬಂದಾನ" ಅಂದ್ಳು. ಕುಬಸದ ಚೀಲ ಆಕಿ ಆಗಲೆ ನೋಡಿದ್ಳು.

ಹೊರಗ ಬಂದು ಮೇಡಂಗೆ ಫೋನ್ ಹಚ್ಚಿದ್ನಿ. ಪೂರಾ ಕೇಳಿದ್ರು.

"ನಾನೂ ಕೇಳ್ದೆ ಹಾಕ್ಬಿಟ್ಟೆ" ಅಂದ್ರು. "ಒಂದು ಕೆಲಸ ಮಾಡೋಣ. ಕೆಳಗಡೆ ಒಂದು ಸಾಲು ಸೇರಿಸೋಣ. ಈ ಹಾಡಲ್ಲಿ ಇನ್ನೊಂದು ದನಿಯೂ ಇದೆ ಅಂತ. ಅಷ್ಟು ಜನ ಮೆಚ್ಚಿದ ಬರಹ, ತೆಗೆದುಬಿಟ್ರೆ ಪೇಜಿನ ಮರ್ಯಾದೆ ಏನಾಗುತ್ತೆ? ನಿಮ್ಮದೂ ಹೋಗುತ್ತೆ."

ನಾ ಕಲ್ತ ಮಂದಿ ಎದುರು ಮಾತಾಡಾಕ ಅಂಜೋ ಮನಷ್ಯಾ. ಹೂಂ ಅಂದ್ರ ಅಲ್ಲಿಗೆ ಮುಗೀತಿತ್ತು. ಖರೇ ಹೇಳ್ತೀನಿ, ಹೂಂ ಅನ್ನಾಕ ಬಾಯಿ ಬಂದಿತ್ತು. ಆ ಬರಹ ನನಗ ಅಷ್ಟು ಪ್ರೀತಿದು. ಒಳಗ ಚಾದ ಲೋಟ ತೊಳಿಯೋ ಸಪ್ಪಳದ ಜೊತಿಗೆ ಅಕ್ಕ ಏನೋ ಗುನುಗಾಕತ್ತಿದ್ಳು.

"ಮೇಡಂ, ಕೆಳಗ ಒಂದು ಸಾಲು ಅಂದ್ರ ಆಕಿನ್ನ ಮತ್ತ ಹೊಸ್ತಿಲ ಮ್ಯಾಲೆ ಕುಂದರ್ಸಿದಂಗ ಆತು" ಅಂದ್ನಿ. "ಹೊಸದು ಬರೀತೀನಿ. ಮ್ಯಾಲೆ ಅದು ಇರ್ಲಿ, ಅದರ ಕೆಳಗ ಹಳೇದು ಹಂಗ ಇರ್ಲಿ, ನಾ ಏನ್ ಮಾಡಿದ್ನಿ ಅಂತ ಮಂದಿಗೆ ಕಾಣ್ಲಿ. ಆಗಂಗಿಲ್ಲಂದ್ರ ನನಗ ಮುಂದ ಲಿಂಕ್ ಕಳಿಸ್ಬ್ಯಾಡ್ರಿ."

"ಗುರುವಾರ ಸಂಜೆ ಒಳಗೆ ಕಳಿಸಿ" ಅಂದ್ರು ಮೇಡಂ. "ಈ ಸಲ ನಾನೂ ಕೇಳ್ತೀನಿ."

ಬುಧವಾರ ಮಿಲ್ಲಿಗೆ ರಜಾ ಹಾಕಿ ಮಸ್ಕಿಗೆ ಬಂದ್ನಿ. ಹೊಸ ಇಯರ್‌ಫೋನ್ ತರಬೇಕಂತಿದ್ನಿ. ಆದ್ರ ಟಂಟಂ ಡ್ರೈವರ್ "ಅದ್ರಾಗ ಏನ್ ಕೇಳ್ತೀರಿ, ನಮ್ಮ ಗಾಡ್ಯಾಗ ಕೇಳ್ರಿ" ಅಂತ ಹಠ ಹಿಡದ. ಬೇವಿನ ಗಿಡದ ನೆರಳಿಗೆ ಗಾಡಿ ನಿಲ್ಲಿಸಿ, ನನ್ನ ನಟ್ಟನಡುವ ಕುಂದರಿಸಿ ಹಾಡು ಹಚ್ಚಿದ. ಎರಡು ಸಾಲಿನ ನಡುವ ಕುಂತಂಗ ಕುಂತ್ನಿ. ಎರಡೂ ಕೈ ಗೆಣ್ಣು ಎಣಿಸಿದ್ನಿ, ಎಡಗೈ ತಮ್ಮಗ, ಬಲಗೈ ಅಕ್ಕಗ. ತಮ್ಮ ಬೀಟಿನ ನೆತ್ತಿ ಮ್ಯಾಲೆ ಮಾತು ಇಡ್ತಾನ. ಅಕ್ಕ ಹಂಗಲ್ಲ. ಆಕಿ ಬೀಟಿಗಿಂತ ಒಂಚೂರು ಹಿಂದ ನಡೀತಾಳ, ವಿಚಾರ ಮಾಡಿ ಜವಾಬ್ ಕೊಟ್ಟಂಗ. ಆದ್ರ ಮೂರನೇ ಜವಾಬಿನ್ಯಾಗ ಅವಸರ ಮಾಡಿ ಮುಂದ ಬಂದು ಬಿಡ್ತಾಳ, ತಮ್ಮನ ಕಡೀ ಮಾತು ತುಳೀತಾಳ. ಮತ್ತ ಮತ್ತ ಹಚ್ಚಿಸಿ ಕೇಳಿದ್ನಿ. ಹೌದು, ತುಳೀತಾಳ. ಬ್ಯಾಟರಿ ಇಳೀತೈತಿ ಅಂತ ಡ್ರೈವರ್ ಒದರಿದ್ರೂ ಕೇಳಿದ್ನಿ.

ಅಲ್ಲೆ ಬರಿಯಾಕ ಕುಂತ್ನಿ. ಅರ್ಧ ಆದ ಮ್ಯಾಲೆ ಬಟ್ಟು ಎಲ್ಲಿ ತಗಲಿತೋ, ಎಲ್ಲಾ ಅಳಿಸಿ ಹೋತು. ಅಳು ಬಂದಂಗಾತು. ಡ್ರೈವರ್ ಸೋಡಾ ತಂದು ಕೊಟ್ಟ. ಮತ್ತ ಮೊದಲಿನಿಂದ ಒತ್ತಿದ್ನಿ. ಮೊದಲ್ನೇ ಸಾಲು ಕತ್ತರಿಸಿದ ವೈರಿನದು, ಎರಡನೇದು ಅಕ್ಕಂದು. ಆಕಿ ಹಿಂದ ನಡಿಯೋ ಛಂದ ಬರದ್ನಿ, ಮೂರನೇ ಜವಾಬಿನ ಅವಸರನೂ ಬರದ್ನಿ. ಹೊಗಳಿಕಿ ಒಂದು ತೂಕ ಹೆಚ್ಚಾಗದಂಗ ನೋಡ್ಕೊಂಡ್ನಿ.

ಗುರುವಾರ ಪೇಜಿನ್ಯಾಗ ಬಂತು. ಹಳೇದನ್ನ ಕಳಿಸಿದಂಗ ಇದನ್ನ ಮಂದಿ ಕಳಿಸ್ಲಿಲ್ಲ. ಕೆಲವರು ನಕ್ಕರು, ಕಿವುಡ ವಿಮರ್ಶಕ ಅಂತ ಹೆಸರಿಟ್ಟರು. ನಾ ಕಾಯ್ತಿದ್ದದ್ದು ಅದನ್ನಲ್ಲ. ಶುಕ್ರವಾರ ಮುಂಜಾನಿ ಹುಡುಗನ ಫೋನ್ ಬಂತು.

"ಓದಿ ಹೇಳಿದ್ವಿ. ಮೂರನೇ ಜವಾಬಿನ ಮಾತು ಬಂದ ಕೂಡ್ಲೆ ಆಪಾ ಎದ್ದು ಕುಂತ್ಳು. ಹೌದು, ಅಲ್ಲಿ ತಪ್ಪೇನಿ, ನನಗೂ ಗೊತ್ತಿತ್ತು ಅಂದ್ಳು. ಆಕಿ ಅತ್ತಿ ಏನಂದ್ಳು ಗೊತ್ತೇನ್ರೀ? ತಪ್ಪು ಹಿಡದಾನಂದ್ರ ಈ ಸಲ ಖರೇ ಕೇಳ್ಯಾನ ಅಂದ್ಳು."

"ಹಾಡು?"

"ಹಾಡು ಇದ್ದಂಗ ಇರತೈತಿ. ಸ್ಟುಡಿಯೋದವಗ ಆಪಾ ತಾನ ಫೋನ್ ಮಾಡಿ ಹೇಳ್ಯಾಳ, ನನ್ನ ದನಿ ಮುಟ್ಟಬ್ಯಾಡ ಅಂತ."

ಡ್ರೈಯರ್ ಹಿಂದ ಹೋಗಿ ಸ್ವಲ್ಪ ಹೊತ್ತು ಹಬಿಯೊಳಗ ನಿಂತು ಬಂದ್ನಿ.

ಕೆಲವು ತಿಂಗಳು ಬಿಟ್ಟು ಅವರದು ಇನ್ನೊಂದು ಹಾಡು ಬಂತು. ಈಗ ನನ್ನ ಹಂತೇಲೆ ಎರಡೂ ಕಡಿ ಸರಿ ಇರೋ ಇಯರ್‌ಫೋನ್ ಐತಿ, ಮಿಲ್ಲಿನ ಹೊರಗ ಹಾಕ್ಕೊತೀನಿ. ಆದ್ರ ಪದ್ಧತಿ ಬಿಡಬಾರದು ಅಂತ ಮೊದಲ್ನೇ ಸಲ ಡ್ರೈಯರ್ ಮುಂದ, ಹಳೀ ಮೊಂಡು ವೈರ್ ಹಾಕ್ಕೊಂಡ ಕೇಳಿದ್ನಿ. ಹಬಿ ಬೆಳ್ಳಗ ನಿಂತಿತ್ತು. ಬೀಟ್ ಬಂತು. ಆಮ್ಯಾಲೆ ಎಡಗಿವಿಯೊಳಗ ಅಕ್ಕನ ದನಿ, ಒಂಚೂರು ಹಿಂದ ನಡ್ಕೊಂತ. ಈ ಸಲ ಸವಾಲ್ ಆಕಿದು. ಕೇಳಿ ಸುಮ್ಮನ ಆದ್ಳು. ಖಾಲಿ ಬಂತು, ಅದರೊಳಗ ಆ ಗಾಳಿನೂ ಬಂತು. ಅಲ್ಲಿ ಯಾರು ಹಾಡಾಕತ್ತಾರಂತ ಈಗ ನನಗ ಗೊತ್ತು. ಪಾಳಿ ಮುಗಿಯೋ ತನಕ ಆ ಖಾಲಿ ಕೇಳ್ಕೊಂತ ಇದ್ದು, ಆಮ್ಯಾಲೆ ಕಾಲುವಿ ದಂಡಿಗೆ ಹೋಗಿ ಎರಡೂ ಕಿವಿಗೆ ಹಾಕ್ಕೊಂಡ್ನಿ.

ನನ್ನ ಕಥಿ ಇಷ್ಟ ನೋಡ್ರಿ. ನೀವೂ ನಿಮ್ಮ ಕೆಲಸದಾಗ ಅರ್ಧ ಕೇಳಿ, ಅರ್ಧ ನೋಡಿ ಪೂರಾ ಅಂದ್ಕೊಂಡದ್ದು ಇರಬೇಕು. ಆ ಇನ್ನರ್ಧ ನಿಮಗ ಎಲ್ಲಿ, ಹ್ಯಾಂಗ ಸಿಕ್ತು ಅಂತ ಬರೀರಿ. ಒತ್ತಕ್ಷರ ತಪ್ಪಿದ್ರೂ ನಡಿತೈತಿ, ನಾ ನಿಧಾನ ಓದ್ತೀನಿ.